ಗಜಕಡ್ಡಿ ಉಳಿಸಿದ ಬಟ್ಟೆ

ಪರದೆ ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳಿಗೆ ಗಜಕಡ್ಡಿ ಎಂಬ ಹೆಸರು ಬೀಳಲು ಅರ್ಧ ದಿನ ಸಾಕಾಯಿತು. ಉದ್ದಕ್ಕೆ, ತೆಳ್ಳಗೆ, ನೆಟ್ಟಗೆ ಇದ್ದಳು ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಸೇರಿದ ದಿನವೇ ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಕೂತಾಗ ಅವಳು ಟೇಪು ಹಿಡಿದು ಮೇಜಿನ ಕೆಳಗೆ ಬಗ್ಗಿ, ಅದರ ಒಂದು ಕಾಲು ಅರ್ಧ ಬೆರಳು ಗಿಡ್ಡ ಇದೆ ಎಂದು ಸಾರಿದ್ದು. ಅಲ್ಲಿಯವರೆಗೆ ಆ ಮೇಜು ಅಲುಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಅದು ಅಲುಗುವುದನ್ನು ಮರೆತು ಒಂದು ತುತ್ತು ನುಂಗಲು ಯಾರಿಂದಲೂ ಆಗಲಿಲ್ಲ.

ಅವಳನ್ನು ಅಲ್ಲಿಗೆ ಕರೆತಂದವಳು ಚಿಕ್ಕಮ್ಮ. ಚಿಕ್ಕಮ್ಮ ಅಲ್ಲಿ ಅಂಚು ಹೊಲಿಯುವವಳು. ಅವಳು ಹೊಲಿದ ಅಂಚಿನಲ್ಲಿ ದಾರ ಹುಡುಕಲು ಹೋದವರ ಕಣ್ಣು ಮಂಜಾಗುತ್ತಿತ್ತೇ ಹೊರತು ದಾರ ಕಾಣುತ್ತಿರಲಿಲ್ಲ. ಅಂಥವಳು ಯಜಮಾನರ ಮುಂದೆ ನಿಂತು, "ನಮ್ಮಕ್ಕನ ಮಗಳು. ಇವಳ ಕೈ ನಡುಗಿದ್ರೆ ನನ್ನ ಕೈ ಕತ್ತರಿಸಿ" ಎಂದಿದ್ದಳು. ಯಜಮಾನರಿಗೆ ಹುಡುಗಿಯ ಕೈಯ ಮೇಲೆ ನಂಬಿಕೆ ಇತ್ತೋ ಇಲ್ಲವೋ, ಚಿಕ್ಕಮ್ಮನ ಕೈ ಕಳೆದುಕೊಳ್ಳುವ ಇಷ್ಟವಂತೂ ಇರಲಿಲ್ಲ. ಆಯಿತು ಎಂದರು.

ಗಜಕಡ್ಡಿಗೆ ಒಂದೇ ಆಸೆ: ಹೆಸರು ಮಾಡಬೇಕು. ಹಣ, ಮದುವೆ, ಮನೆ ಇವೆಲ್ಲ ಆಮೇಲಿನ ಮಾತು. ಆ ಕಾರ್ಖಾನೆಯಲ್ಲಿ ಎಲ್ಲರಿಗೂ ಒಂದೊಂದು ಹೆಸರಿತ್ತು. ಚಿಕ್ಕಮ್ಮನಿಗೆ ಕಾಣದ ಅಂಚಿನ ಹೆಸರು. ದೊಡ್ಡ ಕತ್ತರಿ ಎಂದು ಕರೆಸಿಕೊಳ್ಳುತ್ತಿದ್ದ ಹಿರಿಯ ಕತ್ತರಿಗಾರನಿಗೆ, ಒಮ್ಮೆ ಕತ್ತರಿ ಇಟ್ಟರೆ ಕೊನೆಯವರೆಗೂ ಎತ್ತುವುದಿಲ್ಲವೆಂಬ ಹೆಸರು. ಸಾಮಾನು ಸಾಗಿಸುವ ಗಾಡಿಯ ಚಾಲಕನಿಗೂ ಒಂದು ಹೆಸರಿತ್ತು. ಹೋದ ದಾರಿಯಲ್ಲಿ ಎಂದೂ ವಾಪಸು ಬಂದವನಲ್ಲ, ಯಾಕೆಂದರೆ ಹೋದ ದಾರಿ ಅವನಿಗೆ ನೆನಪಿರುತ್ತಿರಲಿಲ್ಲ. ತನಗೇನು ಹೆಸರು? ಊಟದ ಮೇಜು ಕೆಡಿಸಿದವಳು ಎಂಬುದೇ? ಗಜಕಡ್ಡಿ ರಾತ್ರಿ ಹಗಲು ಇದೇ ಯೋಚನೆಯಲ್ಲಿ ಸೊರಗಿದಳು. ಮೊದಲೇ ಸೊರಗಿದ್ದ ಮೈಯಾದ್ದರಿಂದ ಯಾರ ಗಮನಕ್ಕೂ ಬರಲಿಲ್ಲ.

ಕೊನೆಗೆ ಹೊಳೆಯಿತು. ಮನೆಯಲ್ಲಿ ಅವಳೂ ಅವಳ ಅಕ್ಕತಂಗಿಯರೂ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು. ಎಲ್ಲರೂ ಒಂದೇ ಕಡೆ ತಲೆ ಹಾಕಿದರೆ ಜಾಗ ಸಾಲದು. ಒಬ್ಬಳ ತಲೆ ಇರುವ ಕಡೆ ಇನ್ನೊಬ್ಬಳ ಕಾಲು ಬಂದರೆ ಭುಜಗಳ ನಡುವೆ ಕಾಲುಗಳು ಸೇರಿಕೊಂಡು ಹಾಸಿಗೆ ಅಗಲವಾಗುತ್ತದೆ. ಹತ್ತಿ ಬಟ್ಟೆಯ ಮೇಲೆ ಆಕಾರಗಳನ್ನು ಬರೆಯುವಾಗ ಅವಳು ಇದನ್ನೇ ಮಾಡಿದಳು. ಒಂದು ತುಂಡಿನ ಅಗಲವಾದ ತಲೆಯ ಪಕ್ಕಕ್ಕೆ ಮುಂದಿನ ತುಂಡಿನ ಸಪೂರ ಕಾಲು. ಬಟ್ಟೆ ಉಳಿಯತೊಡಗಿತು. ಮೊದಲು ಮಡಿಕೆಗಟ್ಟಲೆ, ಆಮೇಲೆ ಸುರುಳಿಗಟ್ಟಲೆ. ಯಜಮಾನರು ಬಂದವರಿಗೆಲ್ಲ ಅವಳನ್ನು ತೋರಿಸಿ, "ಇವಳು ಬಟ್ಟೆ ಕತ್ತರಿಸಲ್ಲ ಕಣ್ರೀ, ಬಟ್ಟೆ ಹಡೀತಾಳೆ" ಎನ್ನತೊಡಗಿದರು. ಹೆಸರು ಬಂತು. ಗಜಕಡ್ಡಿ ಇನ್ನೂ ನೆಟ್ಟಗಾದಳು.

ಹೀಗಿರುವಾಗ ದೊಡ್ಡ ಕತ್ತರಿಯ ಭುಜ ಹಿಡಿದುಕೊಂಡಿತು, ಮತ್ತು ಅದೇ ವಾರ ಪಟ್ಟಣದ ಹಳೇ ನಾಟಕಶಾಲೆಯ ಪರದೆಯ ಕೆಲಸ ಬಂತು. ಮುಚ್ಚಿ ಬಹುಕಾಲವಾಗಿದ್ದ ಆ ಶಾಲೆ ಹೊಸದಾಗಿ ತೆರೆಯುವುದರಲ್ಲಿತ್ತು. ಕಡುಗೆಂಪು ಮಖಮಲ್ಲು, ಎರಡು ಬದಿಗೆ ಸರಿಯುವ ದೊಡ್ಡ ಪರದೆ, ಅದರ ನೆತ್ತಿಯ ಮೇಲೆ ವೇದಿಕೆಯ ಉದ್ದಕ್ಕೂ ಅಡ್ಡಲಾಗಿ ತೂಗುವ ಜಾಲರಿ. ಜಾಲರಿಯೆಂದರೆ ಒಂದರ ಪಕ್ಕ ಒಂದು ಇಳಿಬಿದ್ದ ನಾಲಿಗೆಗಳ ಸಾಲು. ಮೇಲೆ ಅಗಲ, ಕೆಳಗೆ ದುಂಡು. ಯಜಮಾನರು ಬೀಗ ಹಾಕಿ ಇಡುತ್ತಿದ್ದ ದೊಡ್ಡ ಕತ್ತರಿಯನ್ನು, ಅಂದರೆ ಕಬ್ಬಿಣದ್ದನ್ನು, ಹೊರತೆಗೆದು ಗಜಕಡ್ಡಿಯ ಕೈಗಿಟ್ಟರು.

"ಇದು ಚೆನ್ನಾಗಾದ್ರೆ ಕತ್ತರಿ ಮೇಜು ನಿಂದೇ. ಅವನ ಭುಜ ಇನ್ನು ಏಳಲ್ಲ" ಎಂದರು.

ಪಟ್ಟಾಭಿಷೇಕಕ್ಕೆ ಇಷ್ಟೇ ಮಾತು. ಕಹಳೆಗೆ ಬದಲು ಹೊಲಿಗೆ ಯಂತ್ರಗಳು ಗರಗರ ಎಂದವು.

ಮಖಮಲ್ಲಿನ ಗುಣ ಗಜಕಡ್ಡಿಗೆ ಗೊತ್ತಿರಲಿಲ್ಲವೆಂದಲ್ಲ. ದೊಡ್ಡ ಕತ್ತರಿ ಅವಳಿಗೆ ಕಲಿಸಿದ ಮೊದಲ ಪಾಠವೇ ಅದು: "ಇದು ಬಟ್ಟೆ ಅಲ್ಲ ಮಗಾ, ಬೆಕ್ಕು. ತಲೆಯಿಂದ ಬಾಲಕ್ಕೆ ಸವರಿದ್ರೆ ಮಲಗುತ್ತೆ, ಬಾಲದಿಂದ ತಲೆಗೆ ಸವರಿದ್ರೆ ಎದ್ದು ನಿಲ್ಲುತ್ತೆ. ಮಲಗಿದ ನವಿರು ಬೆಳಕಲ್ಲಿ ಹೊಳೆಯುತ್ತೆ, ಎದ್ದ ನವಿರು ಬೆಳಕು ನುಂಗಿ ಕಪ್ಪಾಗುತ್ತೆ. ಒಂದು ಪರದೇಲಿ ಎಲ್ಲ ಬೆಕ್ಕೂ ಒಂದೇ ಕಡೆ ಮುಖ ಮಾಡಿರಬೇಕು." ದೊಡ್ಡ ಪರದೆಯ ಪಟ್ಟಿಗಳನ್ನು ಅವಳು ಹಾಗೆಯೇ, ಪ್ರತಿಯೊಂದನ್ನೂ ಅಂಗೈಯ ಹಿಂಬದಿಯಿಂದ ಸವರಿ ಕತ್ತರಿಸಿದಳು. ಆದರೆ ಜಾಲರಿಯ ನಾಲಿಗೆಗಳನ್ನು ಬಟ್ಟೆಯ ಮೇಲೆ ಹರಡಿದಾಗ ಅವಳ ಕಣ್ಣಿಗೆ ಕಂಡದ್ದು ಬೆಕ್ಕಲ್ಲ, ಅಕ್ಕತಂಗಿಯರು. ಅಗಲವಾದ ಭುಜ, ಸಪೂರವಾದ ಕಾಲು. ಕೈ ತಾನಾಗಿ ಒಂದನ್ನು ಬಿಟ್ಟು ಒಂದನ್ನು ತಿರುಗಿಸಿತು. ಅರ್ಧಕ್ಕರ್ಧ ಬಟ್ಟೆ ಉಳಿಯಿತು. ಯಜಮಾನರು ಉಳಿದದ್ದನ್ನು ತೋಳಿನ ಮೇಲೆ ಹಾಕಿಕೊಂಡು, ಹೊಸದಾಗಿ ಹುಟ್ಟಿದ ಮೊಮ್ಮಗುವಿನ ಹಾಗೆ, ಕಾರ್ಖಾನೆಯಿಡೀ ಒಂದು ಸುತ್ತು ಹಾಕಿದರು.

ನಾಟಕಶಾಲೆ ತೆರೆಯುವ ದಿನ ಬೆಳಿಗ್ಗೆ ಎಲ್ಲರೂ ವೇದಿಕೆಯ ಮುಂದೆ ನಿಂತಿದ್ದರು. ಹಿಂದಿನ ಸಂಜೆಯೇ ಪರದೆ ತೂಗುಹಾಕಿಯಾಗಿತ್ತು, ಆದರೆ ಆಗ ವೇದಿಕೆಯ ದೀಪಗಳಿಗೆ ಇನ್ನೂ ತಂತಿ ಎಳೆಯುತ್ತಿದ್ದರು. ಯಜಮಾನರು ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದಿದ್ದರು. ಪಕ್ಕದಲ್ಲಿ ನಾಟಕಶಾಲೆಯ ವ್ಯವಸ್ಥಾಪಕಿ, ಕೈಯಲ್ಲಿ ಬೀಗದ ಕೈಗಳ ಗೊಂಚಲು ಹಿಡಿದ ಮಿತಭಾಷಿ ಹೆಂಗಸು. ಅಂಚಿನ ಕೊನೇ ಹೊಲಿಗೆಗಳನ್ನು ಮುಗಿಸಲು ಚಿಕ್ಕಮ್ಮ ನೆಲದ ಮೇಲೆ ಕೂತಿದ್ದಳು. ಮಖಮಲ್ಲು ಒದಗಿಸಿದ ಅಂಗಡಿಯ ಏಜೆಂಟನೂ ಬಂದಿದ್ದ. ಗಜಕಡ್ಡಿಯ ವಾರಗೆಯವನು, ಹೊಸದಾಗಿ ಕೆಲಸಕ್ಕೆ ಸೇರಿದ್ದವನು. ಇನ್ನೂ ಟೈ ಕಟ್ಟುವುದು ಅಭ್ಯಾಸವಾಗದ್ದರಿಂದ ಆಗಾಗ ಕತ್ತಿಗೆ ಬೆರಳು ತೂರಿಸಿ ಉಸಿರಾಡುತ್ತಿದ್ದ. ಇದು ಅವನು ಹಿಡಿದು ತಂದ ಮೊದಲ ದೊಡ್ಡ ವ್ಯಾಪಾರ.

"ಬಿಡಪ್ಪಾ ದೀಪ" ಎಂದರು ಯಜಮಾನರು.

ದೀಪದವನು ಗುಂಡಿ ಒತ್ತಿದ. ದೊಡ್ಡ ಪರದೆ ಕೆಂಡದ ಹಾಗೆ ಬೆಳಗಿತು. ಅದರ ಮೇಲೆ ಜಾಲರಿ ಮಾತ್ರ, ಒಂದು ನಾಲಿಗೆ ಹೊಳೆಯುವ ಕೆಂಪು, ಪಕ್ಕದ್ದು ಕಪ್ಪು, ಮತ್ತೊಂದು ಕೆಂಪು, ಮತ್ತೊಂದು ಕಪ್ಪು, ಈ ತುದಿಯಿಂದ ಆ ತುದಿಯವರೆಗೆ. ನಾಟಕಶಾಲೆ ಒಂದು ಬಿಟ್ಟು ಒಂದು ಹಲ್ಲು ಉದುರಿದ ಮುದುಕನ ಹಾಗೆ ಅವರೆಲ್ಲರನ್ನೂ ನೋಡಿ ಬಾಯಿ ತುಂಬ ನಕ್ಕಿತು.

ಗಜಕಡ್ಡಿಗೆ ನೋಡಿದ ಕ್ಷಣವೇ ತಿಳಿಯಿತು. ಬೆಕ್ಕುಗಳು. ಅರ್ಧದಷ್ಟು ಬೆಕ್ಕುಗಳು ತಲೆಕೆಳಗಾಗಿ ನೇತಾಡುತ್ತಿದ್ದವು.

"ಇದೇನಿದು" ಎಂದಳು ವ್ಯವಸ್ಥಾಪಕಿ.

ಯಜಮಾನರ ಮುಖವೂ ಜಾಲರಿಯ ಬಣ್ಣಗಳನ್ನು ಸರದಿಯಂತೆ ತಾಳಿತು. ಕೆಂಪು, ಆಮೇಲೆ ಕಪ್ಪು. ಅವರು ಬಟ್ಟೆ ಕತ್ತರಿಸಿ ಮೇಲೆ ಬಂದವರಲ್ಲ, ಬಟ್ಟೆ ಮಾರಿ ಮೇಲೆ ಬಂದವರು. ಆದ್ದರಿಂದ ಅವರಿಗೆ ಹೊಳೆದದ್ದು ಒಂದೇ ಕಾರಣ.

"ಬಣ್ಣ" ಎಂದರು. ಮೆಲ್ಲಗೆ ಏಜೆಂಟನ ಕಡೆ ತಿರುಗಿದರು. "ಎರಡು ಬಣ್ಣದ ಮಾಲು ಕೊಟ್ಟಿದ್ದೀಯ."

"ಸಾರ್, ಒಂದೇ ಸುರುಳಿ ಸಾರ್. ನಾನೇ ಗಾಡಿಯಿಂದ ಇಳಿಸಿದ್ದು."

"ಒಂದೇ ಸುರುಳೀಲಿ ಎರಡು ಬಣ್ಣ ಬರುತ್ತಾ? ಅದೇನು ಊಸರವಳ್ಳಿ ಚರ್ಮಾನಾ?"

"ಅಲ್ಲ ಸಾರ್, ದೊಡ್ಡ ಪರದೆ ನೋಡಿ, ಅದೂ ಅದೇ ಮಾಲು..."

"ಅದಕ್ಕೆ ಒಳ್ಳೇ ಭಾಗ ಬಂದಿದೆ, ಇದಕ್ಕೆ ಕೆಟ್ಟದ್ದು. ನಿಮ್ಮ ಅಂಗಡಿಯೋರಿಗೆ ನಾನು ಕೇಳ್ತೀನಿ. ನಿನ್ನ ಕೆಲಸ ನೋಡ್ಕೊ ಇನ್ಮೇಲೆ."

ಯಜಮಾನರು ಜೇಬಿನಿಂದ ಫೋನು ತೆಗೆದರು. ಏಜೆಂಟನ ಬೆರಳು ಮತ್ತೆ ಕತ್ತಿನ ಟೈಗೆ ಹೋಯಿತು, ಆದರೆ ಈ ಸಲ ಸಡಿಲಿಸುವುದನ್ನು ಮರೆತು ಅಲ್ಲೇ ನಿಂತಿತು. ಗಜಕಡ್ಡಿಯ ಕಣ್ಣು ಆ ಬೆರಳಿನ ಮೇಲೇ ಇತ್ತು.

ಅಷ್ಟರಲ್ಲಿ ಅವಳ ಕಾಲಿಗೆ ಯಾರೋ ಚಿವುಟಿದರು. ನೆಲದಿಂದ ಚಿಕ್ಕಮ್ಮ, ಬಾಯಲ್ಲಿ ಸೂಜಿ ಕಚ್ಚಿಕೊಂಡೇ, ತುಟಿ ಅಲುಗಿಸದೆ ಪಿಸುಗುಟ್ಟಿದಳು. "ಬಾಯಿ ಮುಚ್ಕೊಂಡಿರು."

"ಚಿಕ್ಕಮ್ಮ, ನಿನಗೆ ಗೊತ್ತಿತ್ತಾ?"

"ಹೊಲಿಯುವಾಗ ಒಂದು ಜಾರ್ತಿತ್ತು, ಒಂದು ಮೊಂಡು ಹಿಡೀತಿತ್ತು. ಏನೋ ಅಂದ್ಕೊಂಡೆ. ಈಗ ಅವರೇ ಬಣ್ಣ ಅಂತಿದ್ದಾರೆ, ಬಣ್ಣ ಆಗ್ಲಿ ಬಿಡು."

"ಅವನ ಕೆಲಸ ಹೋಗುತ್ತೆ."

"ಅವನಿಗೂ ಒಬ್ಬ ಚಿಕ್ಕಮ್ಮ ಇರ್ತಾಳೆ, ನೋಡ್ಕೋತಾಳೆ. ನಿನ್ನನ್ನ ಕೈ ಒತ್ತೆ ಇಟ್ಟು ಕರ್ಕೊಂಡು ಬಂದಿರೋಳು ನಾನು."

ಫೋನು ರಿಂಗಾಗತೊಡಗಿತು. ಖಾಲಿ ನಾಟಕಶಾಲೆಯಲ್ಲಿ, ಯಜಮಾನರು ಕಿವಿಗೆ ಒತ್ತಿಕೊಂಡಿದ್ದರೂ, ಅದರ ಸದ್ದು ಎಲ್ಲರಿಗೂ ಕೇಳುತ್ತಿತ್ತು. ಗಜಕಡ್ಡಿ ಏನೂ ಮಾಡಬೇಕಾಗಿರಲಿಲ್ಲ. ಇದೇ ಅದರ ಭಯಂಕರ ಸುಖ. ಸುಳ್ಳು ಹೇಳುವುದೂ ಬೇಡ. ಅವಳ ಪರವಾಗಿ ಯಜಮಾನರೇ ತಮಗೆ ಗೊತ್ತಿಲ್ಲದೆ ಹೇಳಿ ಮುಗಿಸಿದ್ದರು. ಸುಮ್ಮನೆ ನಿಂತರೆ ಕತ್ತರಿ ಮೇಜು ಅವಳದು, ಬಟ್ಟೆ ಹಡೆಯುವವಳೆಂಬ ಹೆಸರು ಅವಳದು. ಮತ್ತೊಂದು ರಿಂಗು. ಬಾಯಿ ತೆರೆದರೆ ಎಲ್ಲ ಹೋಗುತ್ತದೆ, ಜೊತೆಗೆ ಚಿಕ್ಕಮ್ಮನ ಮಾತೂ. ಇನ್ನೊಂದು ರಿಂಗು. ಆ ಕಡೆಯವರು ಸ್ನಾನಕ್ಕೆ ಹೋಗಿರಲಿ ಎಂದು ಅವಳು ಹಾರೈಸಿದಳು. ಆ ಕಡೆಯಿಂದ ಯಾರೋ "ಹಲೋ" ಎಂದರು.

"ಯಜಮಾನ್ರೇ, ಫೋನ್ ಇಡಿ" ಎಂದಳು ಗಜಕಡ್ಡಿ. ತನ್ನ ದನಿ ಅಷ್ಟು ಕೀರಲಾಗಿರುವುದು ಅವಳಿಗೆ ಅಂದೇ ಗೊತ್ತಾದದ್ದು. "ಬಟ್ಟೆ ಸರಿ ಇದೆ. ನಾನು ಕತ್ತರಿಸಿದ್ದು ತಪ್ಪು."

ಯಜಮಾನರು ಫೋನನ್ನು ಎದೆಗೆ ಒತ್ತಿಕೊಂಡರು. "ಸುಮ್ನಿರಮ್ಮ. ನಿನ್ನ ಯಾರೂ ಕೇಳಿಲ್ಲ."

ಇಲ್ಲಿಗೆ ಬಿಟ್ಟಿದ್ದರೂ ನಡೆಯುತ್ತಿತ್ತು. ಹೇಳಿದೆ, ಕೇಳಲಿಲ್ಲ ಎನ್ನಬಹುದಿತ್ತು. ಆದರೆ ಅವಳ ಕಾಲುಗಳು ಆಗಲೇ ವೇದಿಕೆಯ ಮೇಲಿದ್ದ ಏಣಿ ಹತ್ತುತ್ತಿದ್ದವು. ಅಷ್ಟೆತ್ತರದಲ್ಲಿ, ದೀಪದ ಝಳದಲ್ಲಿ, ಬೆನ್ನು ಬೆವರುತ್ತಿರಲು, ಅವಳು ಒಂದು ಕಪ್ಪು ನಾಲಿಗೆಗೆ ಅಂಗೈ ಊರಿ ಕೆಳಗಿನಿಂದ ಮೇಲಕ್ಕೆ ಬಲವಾಗಿ ಸವರಿದಳು. ಅವಳ ಕೈ ಹೋದ ದಾರಿಯುದ್ದಕ್ಕೂ ಕಪ್ಪು ಅಳಿದು ಹೊಳೆಯುವ ಕೆಂಪು ಮೂಡಿತು. ಮೇಲಿನಿಂದ ಕೆಳಕ್ಕೆ ಎಳೆದಳು. ಮತ್ತೆ ಕಪ್ಪು.

"ಬಣ್ಣ ಒಂದೇ" ಎಂದಳು ಏಣಿಯ ಮೇಲಿಂದ. "ಬಟ್ಟೆ ಉಳಿಸೋಕೆ ಹೋಗಿ ಒಂದು ಬಿಟ್ಟು ಒಂದನ್ನ ತಲೆಕೆಳಗು ಮಾಡ್ದೆ. ಮಖಮಲ್ಲು ಅನ್ನೋದು ಮರೆತೋಯ್ತು."

ಯಜಮಾನರ ಎದೆಯ ಮೇಲೆ ಫೋನು "ಹಲೋ, ಹಲೋ" ಎನ್ನುತ್ತಲೇ ಇತ್ತು. ಅವರು ಅದನ್ನು ಆರಿಸಿದರು. ಚಿಕ್ಕಮ್ಮ ಬಾಯಿಂದ ಸೂಜಿ ತೆಗೆದು ಬಟ್ಟೆಗೆ ಚುಚ್ಚಿದ ರೀತಿ ನೋಡಿದರೆ ಅದನ್ನು ಬೇರೆಲ್ಲೋ ಚುಚ್ಚುವ ಮನಸ್ಸಿದ್ದಂತಿತ್ತು. ಏಜೆಂಟ ಮಾತ್ರ ಟೈ ಸಡಿಲಿಸಿ, ಬಹಳ ಹೊತ್ತಿನಿಂದ ಒಳಗಿಟ್ಟುಕೊಂಡಿದ್ದ ಉಸಿರನ್ನು ಹೊರಕ್ಕೆ ಬಿಟ್ಟ.

ವ್ಯವಸ್ಥಾಪಕಿ ಬೀಗದ ಕೈಗಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. "ಸಂಜೆ ಜನ ಬರ್ತಾರೆ. ಅಷ್ಟರಲ್ಲಿ ಸರಿಯಾಗುತ್ತಾ?"

"ಆಗುತ್ತೆ ಮೇಡಂ" ಎಂದರು ಯಜಮಾನರು ತಕ್ಷಣ.

"ನಿಮ್ಮನ್ನಲ್ಲ. ಅವಳನ್ನ."

ಗಜಕಡ್ಡಿ ಏಣಿ ಇಳಿಯುತ್ತ ಲೆಕ್ಕ ಹಾಕಿದಳು. ಆಗುತ್ತದೆ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಒಂದೇ ಬೆಳಿಗ್ಗೆ ಕಳೆದುಕೊಂಡ ಹೆಸರಿನಲ್ಲಿ ಒಂದು ಚೂರಾದರೂ ವಾಪಸು ಬರುತ್ತಿತ್ತು.

"ಗೊತ್ತಿಲ್ಲ" ಎಂದಳು. "ನಾನು ಉಳಿಸಿದ ಬಟ್ಟೆ ಇದೆ. ಅದರಲ್ಲಿ ಹೊಸ ನಾಲಿಗೆ ಕತ್ತರಿಸಬೇಕು, ಕಪ್ಪಿನವು ಬಿಚ್ಚಿ ಅವನ್ನ ಹಾಕ್ಬೇಕು. ಚಿಕ್ಕಮ್ಮ ಕೂತ್ರೆ ಆಗಬಹುದು. ಅರ್ಧ ಆದ್ಮೇಲೆ ಫೋನ್ ಮಾಡಿ ಹೇಳ್ತೀನಿ, ಆಗುತ್ತೋ ಇಲ್ವೋ ಅಂತ. ಆಗಲ್ಲ ಅಂದ್ರೆ ನೀವು ಜಾಲರಿ ಇಲ್ದೇನೇ ಪರದೆ ಸರಿಸಬಹುದು, ಆದ್ರೆ ಆಗ ಮೇಲಿನ ಕಂಬಿ ಕಾಣುತ್ತೆ, ಅದನ್ನ ಮುಚ್ಚೋಕೆ ನಿಮಗೆ ಹೊತ್ತು ಬೇಕು. ಅದಕ್ಕೆ ಮುಂಚೇನೇ ಹೇಳ್ತೀನಿ."

ಯಜಮಾನರು ಹಣೆ ಚಚ್ಚಿಕೊಂಡರು. ವ್ಯವಸ್ಥಾಪಕಿ, "ಸರಿ, ಹೇಳು" ಎಂದು ಹೊರಟುಹೋದಳು.

ಜಾಲರಿಯನ್ನು ಗಾಡಿಗೆ ಹೇರಿದರು. ಚಾಲಕ ಎಂದಿನಂತೆ ಬೇರೆ ದಾರಿ ಹಿಡಿಯಲು ಹೋದಾಗ ಏಜೆಂಟ ಪಕ್ಕದಲ್ಲಿ ಕೂತು ದಾರಿ ಹೇಳಿದ. ಸ್ಟೀರಿಂಗಿಗೆ ಕೈ ಹಾಕಲಿಲ್ಲ ಅಷ್ಟೇ, ಉಳಿದಂತೆ ತಾನೇ ಓಡಿಸಿಕೊಂಡು ಬಂದ. ಅವನು ಬರಬೇಕಾಗಿರಲಿಲ್ಲ. "ನೀನ್ಯಾಕೆ ಬಂದೆ" ಎಂದು ಗಜಕಡ್ಡಿ ಕೇಳಿದ್ದಕ್ಕೆ, "ಈ ಮಾಲು ಸಂಜೆ ಹೇಗೆ ಕಾಣುತ್ತೆ ಅನ್ನೋದ್ರ ಮೇಲೆ ನನ್ನ ಹಣೆಬರಹಾನೂ ಇದೆಯಲ್ಲ ತಾಯಿ" ಎಂದ.

ಕಾರ್ಖಾನೆಯಲ್ಲಿ ಸುದ್ದಿ ಗಾಡಿಗಿಂತ ಮೊದಲೇ ತಲುಪಿತ್ತು. ದೊಡ್ಡ ಕತ್ತರಿ ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಬಂದು ಸ್ಟೂಲಿನ ಮೇಲೆ ಆಸೀನನಾಗಿದ್ದ. ಗೆದ್ದ ಅರಸನ ಮುಖವಿತ್ತು ಅವನಿಗೆ. ಮುಚ್ಚಿಡಲು ಯತ್ನಿಸಿದನೆಂದು ಹೇಳಲಾಗದು.

"ಎಲ್ಲಿ, ಬೆಕ್ಕು ನೇತುಹಾಕಿದ ಮಹಾತಾಯಿ?"

"ಇಲ್ಲೇ ಇದ್ದೀನಿ. ಬೈಯ್ಯೋದಾದ್ರೆ ಬಟ್ಟೆ ಹಿಡ್ಕೊಂಡು ಬೈಯಿರಿ, ಹೊತ್ತಿಲ್ಲ."

ಅವನು ಬೈಯುತ್ತಲೇ ಎದ್ದು, ಸರಿಯಿದ್ದ ಕೈಯಲ್ಲಿ ಬಟ್ಟೆಯ ತುದಿ ಒತ್ತಿ ಹಿಡಿದ. ಅವಳು ಪ್ರತಿ ನಾಲಿಗೆಗೂ ಮೊದಲು ಸವರಿ, ಬರೆದು, ಮತ್ತೆ ಸವರಿ ಕತ್ತರಿ ಇಟ್ಟಳು. ಕೈ ನಡುಗುತ್ತಿತ್ತು. ಚಿಕ್ಕಮ್ಮ ಅದನ್ನು ನೋಡಿ, ಯಂತ್ರದ ಮುಂದೆ ಕೂತು ಕಪ್ಪು ನಾಲಿಗೆಗಳನ್ನು ಹಲ್ಲು ಕೀಳುವವಳ ಹಾಗೆ ಒಂದೊಂದಾಗಿ ಬಿಚ್ಚಿದಳು. ಏಜೆಂಟ ದಾರದ ಚೂರುಗಳನ್ನು ಆರಿಸುತ್ತಿದ್ದ. ಹೊರಗೆ ಬಿಸಿಲು ಎದುರಿನ ಗೋಡೆ ಹತ್ತುತ್ತಿತ್ತು.

ಅರ್ಧವಾಯಿತು. ಅರ್ಧ ದಾಟಿತು. ಅಷ್ಟರಲ್ಲಿ ಗಜಕಡ್ಡಿಯ ಕೈ ನಿಂತಿತು.

"ಬಟ್ಟೆ ಒಂದು ನಾಲಿಗೆಯಷ್ಟು ಕಮ್ಮಿ ಇದೆ" ಎಂದಳು. "ಇರಬೇಕಿತ್ತು. ನಾನು ಅಳೆದಿದ್ದೆ."

ಬಾಗಿಲಲ್ಲಿ ನಿಂತಿದ್ದ ಯಜಮಾನರು ಕೆಮ್ಮಿದರು. ಕಿಟಕಿಯ ಕಡೆ ನೋಡಿದರು. ಉಳಿದ ಬಟ್ಟೆಯೆಂಬ ಮೊಮ್ಮಗುವನ್ನು ಊರಿಗೆಲ್ಲ ತೋರಿಸುವ ಉತ್ಸಾಹದಲ್ಲಿ ಅವರು ಅದರ ಒಂದು ತುಂಡನ್ನು ಕತ್ತರಿಸಿ ತಮ್ಮ ಕೋಣೆಯ ಕುರ್ಚಿಗೆ ಹೊದಿಸಿಕೊಂಡಿದ್ದರು. ಬಂದ ಗಿರಾಕಿಗೆ ತೋರಿಸಲು. ಅದರ ಮೇಲೆ ಕೂತು ಕೂತು ನವಿರು ಎಲ್ಲ ದಿಕ್ಕಿಗೂ ಮಲಗಿ ಬೆಕ್ಕು ಸತ್ತೇಹೋಗಿತ್ತು.

"ಅದಾಗಲ್ಲ" ಎಂದ ದೊಡ್ಡ ಕತ್ತರಿ, ಯಜಮಾನರ ಬೆನ್ನ ಕೆಳಭಾಗವನ್ನು ನೋಡುತ್ತ. "ಅದರ ಆಯುಸ್ಸು ಮುಗಿದಿದೆ."

ಚಿಕ್ಕಮ್ಮ ಯಂತ್ರ ನಿಲ್ಲಿಸಿ ಮೊದಲ ಸಲ ಅವಳತ್ತ ತಿರುಗಿದಳು. "ಒಂದು ಕಪ್ಪಿಂದು ಹಾಗೇ ಬಿಡೋಣ. ತುದೀದು. ಯಾರಿಗೂ ಕಾಣಲ್ಲ."

ಗಜಕಡ್ಡಿ ಆ ಕಪ್ಪು ನಾಲಿಗೆಯನ್ನು ನೋಡಿದಳು. ಎಲ್ಲರೂ ಅವಳನ್ನು ನೋಡಿದರು. ಅವಳು ಫೋನು ತೆಗೆದು ವ್ಯವಸ್ಥಾಪಕಿಗೆ ಮಾಡಿದಳು. "ಸಂಜೆಗೆ ಆಗುತ್ತೆ. ಆದ್ರೆ ಬಟ್ಟೆ ಸಾಲಲಿಲ್ಲ, ಜಾಲರಿ ಒಂದು ನಾಲಿಗೆಯಷ್ಟು ಗಿಡ್ಡ ಇರುತ್ತೆ. ಎರಡೂ ತುದೀಲಿ ಅರ್ಧರ್ಧ ಜಾಗ ಖಾಲಿ ಕಾಣುತ್ತೆ. ಪಕ್ಕದ ಪರದೆಗಳನ್ನ ಸ್ವಲ್ಪ ಒಳಕ್ಕೆ ಎಳೆದು ಕಟ್ಟಿದ್ರೆ ಮುಚ್ಚಿಹೋಗುತ್ತೆ. ಒಪ್ಪಿಗೆನಾ?"

ಆ ಕಡೆ ಬೀಗದ ಕೈಗಳ ಸದ್ದು ಕೇಳಿಸಿತು. "ಕಟ್ಟಿಸ್ತೀನಿ. ಬೇಗ ತಗೊಂಡು ಬಾ" ಎಂದಳು ವ್ಯವಸ್ಥಾಪಕಿ.

ಸಂಜೆ ಜನ ಒಳಗೆ ಬರುವ ಹೊತ್ತಿಗೆ ದೀಪದವನು ಏಣಿಯನ್ನು ಆಗತಾನೇ ಒಳಗೆ ಎಳೆದುಕೊಂಡಿದ್ದ. ದೀಪಗಳು ಹತ್ತಿದವು. ಜಾಲರಿ ಈ ತುದಿಯಿಂದ ಆ ತುದಿಯವರೆಗೆ ಒಂದೇ ಕೆಂಪಾಗಿ ಬೆಳಗಿತು. ಗಜಕಡ್ಡಿ ಹಿಂಬದಿಯ ಗೋಡೆಗೆ ಒರಗಿ, ಬಂದವರಲ್ಲಿ ಯಾರಾದರೂ ತಲೆಯೆತ್ತಿ ನೋಡುತ್ತಾರೇನೋ ಎಂದು ಕಾದಳು. ಒಬ್ಬರೂ ನೋಡಲಿಲ್ಲ. ಅವರು ತಮ್ಮ ಕುರ್ಚಿಯ ಸಂಖ್ಯೆ ಹುಡುಕುತ್ತಿದ್ದರು, ಮುಂದೆ ಕೂತವರ ತಲೆಯ ಗಾತ್ರದ ಬಗ್ಗೆ ಗೊಣಗುತ್ತಿದ್ದರು. ಪರದೆ ಎರಡಾಗಿ ಸರಿಯಿತು, ಎಲ್ಲರ ಕಣ್ಣೂ ಅದರ ಹಿಂದೆ ಹೋಯಿತು.

ಯಜಮಾನರು ಬಂದು ಪಕ್ಕದಲ್ಲಿ ನಿಂತರು.

"ಕತ್ತರಿ ಮೇಜು ನಿನಗಿಲ್ಲ" ಎಂದರು. "ದೊಡ್ಡ ಕತ್ತರಿ ಒಂದೇ ಕೈಯಲ್ಲಿ ಕತ್ತರಿಸ್ತೀನಿ ಅಂತಿದ್ದಾನೆ, ಕತ್ತರಿಸ್ಲಿ. ನಾಳೆಯಿಂದ ನೀನು ಅಂಚಿಗೆ ಕೂರು, ನಿಮ್ಮ ಚಿಕ್ಕಮ್ಮನ ಪಕ್ಕ."

"ಚಿಕ್ಕಮ್ಮ ಜಾಗ ಕೊಟ್ರೆ" ಎಂದಳು ಗಜಕಡ್ಡಿ.

"ಇನ್ನೊಂದು. ಆ ಬೀಗದ ಕೈಯ ಹೆಂಗಸು ತನ್ನ ತಮ್ಮನ ಆಸ್ಪತ್ರೆ ಕೆಲಸ ನಮಗೇ ಕೊಡಿಸ್ತಾಳಂತೆ. ವಾರ್ಡುಗಟ್ಟಲೆ ಪರದೆ. ಅಳತೆ ತಗೊಳ್ಳೋಕೆ ನೀನೇ ಹೋಗ್ಬೇಕಂತೆ."

"ನಾನ್ಯಾಕೆ? ನಾನು ಹಾಳು ಮಾಡಿದ್ದು ಅವರೇ ಕಣ್ಣಾರೆ ನೋಡಿದ್ದಾರೆ."

"ನಾನೂ ಅದನ್ನೇ ಕೇಳ್ದೆ" ಎಂದರು ಯಜಮಾನರು, ಇದರಲ್ಲಿ ತಮಗಾದ ನ್ಯಾಯ ಯಾವುದು, ಅನ್ಯಾಯ ಯಾವುದು ಎಂದು ಇನ್ನೂ ತೀರ್ಮಾನವಾಗದವರ ಹಾಗೆ. "ಅಳತೆ ತಪ್ಪಿದ್ರೆ ಆ ಹುಡುಗಿ ಫೋನ್ ಮಾಡ್ತಾಳೆ, ನೀವು ಮಾಡಲ್ಲ ಅಂದ್ಲು."

ಮುಂದಿನ ಸಾಲಿನಿಂದ ಯಾರೋ ತಿರುಗಿ ಸದ್ದು ಮಾಡಬೇಡಿ ಎಂದು ಸನ್ನೆ ಮಾಡಿದರು. ಗಜಕಡ್ಡಿ ಆಸ್ಪತ್ರೆಯ ಕಿಟಕಿಗಳು ಎಷ್ಟು ಎತ್ತರವಿರಬಹುದೆಂದು ಯೋಚಿಸತೊಡಗಿದಳು.